ಅವ್ವನ ಕೋಣೆಗೆ ಸುಣ್ಣ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಮಾಡಿದ ಹಿರಿಯರು ಬಹುಶಃ ಹೊಸ ಮನೆಯಲ್ಲಿ ಹುಟ್ಟಿ, ಅದು ಹಳೆಯದಾಗುವ ಮೊದಲೇ ಕಣ್ಣು ಮುಚ್ಚಿದವರಿರಬೇಕು. ಇಲ್ಲವಾದರೆ 'ಹಳೆಯ ಮನೆಯ ಒಂದು ಕೋಣೆಗೆ ಸುಣ್ಣ ಹಚ್ಚಿಸಿ ನೋಡು' ಎಂಬ ಮೂರನೆಯ ತುಂಡನ್ನು ಆ ಗಾದೆಗೆ ಸೇರಿಸದೆ ಬಿಡುತ್ತಿರಲಿಲ್ಲ. ಹೋದ ವರ್ಷದ ಶ್ರಾವಣದಿಂದ ಈ ವರ್ಷದ ಕಾರಹುಣ್ಣಿಮೆಯವರೆಗೆ ನಾನು ಒಂದೇ ಒಂದು ಕೋಣೆಯ ಚಾಕರಿಯಲ್ಲಿದ್ದೆ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆ. ಮೂರು ದಿನದ ಕೆಲಸವೆಂದು ತಿಳಿದು ಕೈಹಾಕಿದ್ದೆ.

ನಮ್ಮದು ಧಾರವಾಡದ ಹಳೆಯ ಓಣಿಯೊಂದರಲ್ಲಿರುವ ಅಜ್ಜನ ಕಾಲದ ಮನೆ. ಬುಡದಲ್ಲಿ ಕಲ್ಲು, ಮೇಲೆ ಮಣ್ಣು, ಹದಿನೆಂಟು ಅಂಗುಲ ದಪ್ಪದ ಗೋಡೆ. ಮೇಲೆ ಮಂಗಳೂರು ಹಂಚಿನ ಛಾವಣಿ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ಹಂಚಿನ ಕಾರಖಾನೆ ತೆರೆದುದು 1865ರಲ್ಲಿ. ಅವರ ಮುದ್ರೆಯಿರುವ ಒಂದೆರಡು ಹಂಚುಗಳು ನಮ್ಮ ಛಾವಣಿಯಲ್ಲಿ ಇಂದಿಗೂ ಇವೆ. ಮನೆಯ ಪಡುವಣ ಮೂಲೆಯ ಕೋಣೆ ಅವ್ವನದು. ಕಿಟಕಿಯಾಚೆ ಪೇರಲ ಗಿಡ, ಒಳಗೆ ಒಂದು ಮಂಚ, ಒಂದು ಟ್ರಂಕು, ಗೋಡೆಯಲ್ಲಿ ಒಂದು ಗೂಡು. ಆ ಗೂಡಿನಲ್ಲಿ ವಿಭೂತಿ, ಕನ್ನಡಕ, ಅಡಕೊತ್ತು ಮತ್ತು ನಮ್ಮ ತಂದೆಯವರ ನಿಂತುಹೋದ ಕೈಗಡಿಯಾರ. ಮದುವೆಯಾಗಿ ಬಂದಂದಿನಿಂದ ಅವ್ವ ಮಲಗಿದುದು ಆ ಕೋಣೆಯಲ್ಲಿಯೇ. ಈಗ ಅವಳಿಗೆ ಎಂಬತ್ತೈದು.

ಶ್ರಾವಣದಲ್ಲಿ ಅವಳಿಗೆ ಕೆಮ್ಮು ಹಿಡಿಯಿತು. ಕಷಾಯವಾಯಿತು, ಗುಳಿಗೆಯಾಯಿತು. ಮನೆಗೆ ಬಂದ ವೈದ್ಯರು ಎದೆಗಿಂತ ಹೆಚ್ಚಾಗಿ ಗೋಡೆಯನ್ನು ನೋಡಿದರು. ಮಂಚದ ತಲೆಯ ಕಡೆಗೆ, ನೆಲದಿಂದ ಎದೆಯೆತ್ತರದವರೆಗೆ, ಎಣ್ಣೆ ಹಚ್ಚಿದಂತಹ ಕಪ್ಪು ಕಲೆ. ಅದರ ಅಂಚಿನಲ್ಲಿ ಹತ್ತಿಯಂತಹ ಬಿಳಿಯ ಉಪ್ಪು. ಟ್ರಂಕಿನ ಹಿಂದೆ ಹಸಿರು ಬೂಷ್ಟು. "ಮೊದಲು ಗೋಡೆಗೆ ಔಷಧ ಕೊಡಿಸಿರಿ, ಆಮೇಲೆ ಇವರಿಗೆ" ಎಂದು ಹೇಳಿ ಹೋದರು.

ಸುದ್ದಿ ತಿಳಿದು ಹುಬ್ಬಳ್ಳಿಯಿಂದ ಅಣ್ಣ ಬಂದನು. ಅವನದು ಯಾವಾಗಲೂ ದೊಡ್ಡ ಲೆಕ್ಕ. ಇಡಿಯ ಮನೆಯನ್ನೇ ಕೆಡವಿ, ಜಾಗವನ್ನು ಅಪಾರ್ಟ್‌ಮೆಂಟು ಕಟ್ಟುವವರಿಗೆ ಒಪ್ಪಿಸಿ, ನಾವಿಬ್ಬರೂ ಒಂದೊಂದು ಫ್ಲ್ಯಾಟು ಪಡೆಯಬೇಕೆಂಬುದು ಅವನ ಬಹುದಿನದ ವಾದ. "ಆ ಕೋಣಿಗೆ ಹಾಕೋ ರೊಕ್ಕ ಹರಿಯೋ ನೀರಾಗ ಹಾಕಿದಂಗ" ಎಂದನು. ಅವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದನು. ಎಂಟನೆಯ ದಿನ ಅವಳು ಟ್ರಂಕಿಲ್ಲದೆ, ಯಾರಿಗೂ ಹೇಳದೆ, ನೆರೆಮನೆಯ ಹುಡುಗನನ್ನು ಜೊತೆಗೆ ಕರೆದುಕೊಂಡು ಬಸ್ಸಿನಲ್ಲಿ ಬಂದಿಳಿದಳು. ಆ ವಿಷಯದ ಚರ್ಚೆ ಅಲ್ಲಿಗೆ ಮುಗಿಯಿತು.

ಉಳಿದುದು ದುರಸ್ತಿ. ಮೊದಲು ಬಂದವನು ಒಬ್ಬ ತರುಣ ಗುತ್ತಿಗೆದಾರ. ಮೊಬೈಲಿನಲ್ಲಿ ಚಿತ್ರಗಳನ್ನು ತೋರಿಸಿದನು. ನಾಲ್ಕೂ ಗೋಡೆಗಳಿಗೆ ಪಿವಿಸಿ ಹಲಗೆ ಹೊದಿಸುವುದು, ಮೇಲೆ ಬಿಳಿಯ ಜಿಪ್ಸಂ ಚಾವಣಿ, ಅದರ ಅಂಚಿನಲ್ಲಿ ಮಿಣುಕು ದೀಪ. ಮೂರು ದಿನದಲ್ಲಿ ಕೆಲಸ ಪೂರೈಸಿ ನಾಲ್ಕನೆಯ ದಿನ ಕೀಲಿಕೈ. ನಮ್ಮ ಮನೆಯವರಿಗೆ ಇದು ಬಹಳ ಹಿಡಿಸಿತು. ನನಗೂ ಹಿಡಿಸಿತೆಂದು ಒಪ್ಪಿಕೊಳ್ಳುತ್ತೇನೆ. ಅವ್ವ ಕೇಳಿದುದು ಒಂದೇ ಪ್ರಶ್ನೆ: "ಗೂಡು ಎಲ್ಲಿ ಹೋಗತೈತಿ?" ಹಲಗೆಯ ಹಿಂದೆ ಹೋಗುತ್ತದೆಂದು ಅವನು ನಗುತ್ತ ಹೇಳಿದನು. ಅವ್ವ ಎದ್ದು ಅಡಿಗೆಮನೆಗೆ ಹೋದಳು. ಅವನಿಗೆ ಚಹಾ ಬರಲಿಲ್ಲ.

ಎರಡನೆಯವನು ಒಬ್ಬ ಮುದಿ ಗೌಂಡಿ. ಗುಡಿಗಳ, ಹಳೆಯ ವಾಡೆಗಳ ಕೆಲಸ ಮಾಡಿದವನೆಂದು ಗೆಳೆಯರೊಬ್ಬರು ಕಳಿಸಿದ್ದರು. ಅವನು ಒಳಗೆ ಬರಲೇ ಇಲ್ಲ. ಮನೆಯ ಸುತ್ತ ಎರಡು ಸಲ ಸುತ್ತಿದನು, ಛಾವಣಿಯ ಅಂಚನ್ನು ನೋಡಿದನು, ಓಣಿಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನಮ್ಮ ಕಟ್ಟೆಯನ್ನು ನೋಡಿದನು. "ಈ ಕಟ್ಟಿಗೆ ಎಷ್ಟು ಪಾವಟಿಗಿ ಇದ್ದೂವ್ರಿ ಸಾಹೇಬ್ರ?" ಎಂದು ಕೇಳಿದನು. ನನ್ನ ಬಾಲ್ಯದಲ್ಲಿ ಮೂರು ಮೆಟ್ಟಿಲು, ಈಗ ಒಂದೇ. ಮೆಟ್ಟಿಲುಗಳನ್ನು ಯಾರೂ ಕದ್ದಿರಲಿಲ್ಲ. ಹಳೆಯ ರಸ್ತೆಯ ಮೇಲೆ ಹೊಸ ರಸ್ತೆ, ಅದರ ಮೇಲೆ ಮತ್ತೊಂದು ಬಂದು ಓಣಿಯೇ ಮೇಲೆದ್ದಿದ್ದಿತು. ಪಡುವಣ ಬದಿಯ ಸಂದಿಯಲ್ಲಿ ನಾವೇ ಮಣ್ಣು ತುಂಬಿ ಕಾಂಕ್ರೀಟು ಬಳಿಸಿದ್ದೆವು. ಹೀಗಾಗಿ ಹೊರಗಿನ ನೆಲ ಅವ್ವನ ಕೋಣೆಯ ನೆಲಕ್ಕಿಂತ ಒಂದು ಗೇಣು ಎತ್ತರವಾಗಿದ್ದಿತು. ಛಾವಣಿಯ ನೀರನ್ನು ಇಳಿಸುವ ತಗಡಿನ ಕೊಳವೆ ಸರಿಯಾಗಿ ಅವಳ ಮಂಚದ ನೇರಕ್ಕೆ ಮುರಿದಿದ್ದಿತು. ವರ್ಷಕ್ಕೆ ಎಂಟು ನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರು ನಮ್ಮದು. ಅದರ ಬಹುಪಾಲು ಪಡುವಣ ಗಾಳಿಯೊಡನೆ ಬರುತ್ತದೆ.

ಒಳಗೆ ಬಂದು ಗೋಡೆಯನ್ನು ಬೆರಳಿನ ಗಣ್ಣಿನಿಂದ ತಟ್ಟಿದನು. ಡಬ್ಬಿಯಂತೆ ಸದ್ದಾಯಿತು. ಇಪ್ಪತ್ತು ವರ್ಷಗಳ ಹಿಂದೆ ಇದೇ ಗೋಡೆ ಸ್ವಲ್ಪ ತೇವವಾದಾಗ ನಾನು ಬುದ್ಧಿವಂತನಂತೆ ಹಳೆಯ ಸುಣ್ಣದ ಗಿಲಾವನ್ನು ಕೀಳಿಸಿ ಗಟ್ಟಿ ಸಿಮೆಂಟಿನ ಗಿಲಾವು ಮಾಡಿಸಿ, ಅದರ ಮೇಲೆ ಪುಟ್ಟಿ, ಅದರ ಮೇಲೆ ಒರೆಸಿದರೆ ಹೊಳೆಯುವ ಪ್ಲಾಸ್ಟಿಕ್ ಬಣ್ಣ ಹೊಡೆಸಿದ್ದೆ. ಗೌಂಡಿ ನಕ್ಕನು.

"ಸಾಹೇಬ್ರ, ಗ್ವಾಡಿಗೆ ನೀವು ರೇನ್‌ಕೋಟ ತೊಡಿಸೀರಿ. ಹೊರಗಿನ ಮಳಿ ಒಳಗ ಬರೂದಿಲ್ಲ, ಖರೆ. ಒಳಗಿನ ಬೆವರು ಎಲ್ಲಿಂದ ಹೋಗಬೇಕ್ರಿ?"

ವಾಚಕರೆ, ಈ ಮಾತನ್ನು ನಾನು ಆಮೇಲೆ ಪುಸ್ತಕಗಳಲ್ಲಿಯೂ ನೋಡಿದೆ. ಗೌಂಡಿಯ ಮಾತಿಗೆ ಅವು ಹೆಚ್ಚೇನೂ ಸೇರಿಸಲಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಹೀರಿದಂತೆ ಮಣ್ಣು ಮತ್ತು ಇಟ್ಟಂಗಿ ನೆಲದ ನೀರನ್ನು ಮೇಲಕ್ಕೆ ಹೀರುತ್ತವೆ. ಸಾಮಾನ್ಯವಾಗಿ ಒಂದು ಮೀಟರಿನ ಎತ್ತರದವರೆಗೆ ಅದು ಏರುತ್ತದೆ. ಸುಣ್ಣದ ಗಿಲಾವಿನಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಏರಿದ ನೀರು ಅಲ್ಲಿಯೇ ಆವಿಯಾಗಿ ಹೋಗುತ್ತದೆ. ಸಿಮೆಂಟೂ ಪ್ಲಾಸ್ಟಿಕ್ ಬಣ್ಣವೂ ಆ ದಾರಿಯನ್ನು ಮುಚ್ಚುತ್ತವೆ. ನೀರು ದಾರಿ ಹುಡುಕುತ್ತ ಇನ್ನೂ ಮೇಲಕ್ಕೆ ಹೋಗುತ್ತದೆ. ಹೋಗುವಾಗ ಮಣ್ಣಿನ ಉಪ್ಪನ್ನೂ ಹೊತ್ತು ಒಯ್ಯುತ್ತದೆ. ಆ ಉಪ್ಪು ಹರಳುಗಟ್ಟುವಾಗ ಉಬ್ಬಿ ಗಿಲಾವನ್ನು ಒಳಗಿನಿಂದ ಒಡೆಯುತ್ತದೆ. ನಮ್ಮ ಅಜ್ಜಂದಿರು ಇದನ್ನು ಅರಿತು ಸುಣ್ಣ ಹಚ್ಚಿದರೆಂದು ನಾನು ಹೇಳಲಾರೆ. ಅವರಿಗೆ ಸಿಮೆಂಟು ಸಿಕ್ಕಿರಲಿಲ್ಲ, ಅಷ್ಟೆ. ಇಂಗ್ಲೆಂಡಿನ ಆಸ್ಪ್‌ಡಿನ್ ಎಂಬಾತ ಪೋರ್ಟ್‌ಲಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದುದು 1824ರಲ್ಲಿ. ನಮ್ಮ ದೇಶದಲ್ಲಿ ಪೋರಬಂದರದ ಕಾರಖಾನೆ ಸಿಮೆಂಟು ತಯಾರಿಸತೊಡಗಿದುದು 1914ರಲ್ಲಿ. ಆದರೆ ಒಂದು ಬಗೆಯ ಗೋಡೆಗೆ ಒಂದು ಬಗೆಯ ಉಡುಪು ನೂರಾರು ವರ್ಷ ನಡೆದು ಬಂದಿರುವಾಗ ಅದನ್ನು ಬದಲಿಸುವ ಮೊದಲು ನಾನು ಯಾರನ್ನಾದರೂ ಕೇಳಬಹುದಾಗಿದ್ದಿತು.

ನಿಮ್ಮ ಮನೆಯ ಗೋಡೆಯ ತೇವ ನೆಲದಿಂದ ಬಂದುದೋ, ಅಡಿಗೆಯ ಹಬೆ ತಣ್ಣನೆಯ ಗೋಡೆಗೆ ತಾಗಿ ಬಂದುದೋ ಎಂದು ತಿಳಿಯಬೇಕಾದರೆ ಒಂದು ಸುಲಭ ಪರೀಕ್ಷೆಯಿದೆ. ರೊಟ್ಟಿ ಸುತ್ತಿಡುವ ಅಲ್ಯುಮಿನಿಯಂ ಹಾಳೆಯ ಒಂದು ತುಂಡನ್ನು ಗೋಡೆಗೆ ಹಚ್ಚಿ ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಬಿಗಿಯಿರಿ. ಎರಡು ದಿನ ಬಿಟ್ಟು ನೋಡಿರಿ. ಹನಿ ಹಾಳೆಯ ಹೊರಮೈಮೇಲಿದ್ದರೆ ಕಿಟಕಿ ತೆರೆಯುವುದೇ ಔಷಧ. ಹನಿ ಹಾಳೆಯ ಹಿಂದೆ ಇದ್ದರೆ ನನ್ನಂತೆ ಗೌಂಡಿಯನ್ನು ಹುಡುಕಿರಿ. ನಮ್ಮದರ ಹಿಂದೆ ನೀರು ಇಳಿಯುತ್ತಿದ್ದಿತು.

ದೀಪಾವಳಿ ಮುಗಿದ ಮೇಲೆ ಸಿಮೆಂಟಿನ ಗಿಲಾವನ್ನು ಕೀಳಿಸಿದೆವು. ಅಂದು ಕಂಡುದನ್ನು ನಾನು ಬೇಗ ಮರೆಯಲಾರೆ. ಹೊರಗಿನಿಂದ ಕಲ್ಲಿನಂತೆ ತೋರುತ್ತಿದ್ದ ಗೋಡೆಯ ಬುಡದಲ್ಲಿ ಮಣ್ಣು ಕಲಸಿದ ಹಿಟ್ಟಿನಂತಾಗಿದ್ದಿತು. ಗೌಂಡಿ ಕರಣಿಯನ್ನು ಚುಚ್ಚಿದರೆ ಅದು ಹಿಡಿಯವರೆಗೆ ಒಳಗೆ ಹೋಯಿತು. 2019ರ ಆಗಸ್ಟಿನ ಮಳೆಯಲ್ಲಿ ಉತ್ತರ ಕರ್ನಾಟಕದ ಉದ್ದಗಲಕ್ಕೂ, ನಮ್ಮ ಜಿಲ್ಲೆಯಲ್ಲಿಯೂ, ಮಣ್ಣಿನ ಗೋಡೆಯ ಮನೆಗಳು ಕುಸಿದುದು ನಿಮಗೆ ನೆನಪಿರಬಹುದು. ನಮ್ಮ ಗೋಡೆ ಆ ವರ್ಷ ಏಕೆ ನಿಂತಿತೋ ತಿಳಿಯದು. ಅದರ ಬುಡಕ್ಕೆ ತಲೆಯಿಟ್ಟು ಅವ್ವ ಮಲಗುತ್ತಿದ್ದಳು. ಹಲಗೆ ಹೊದಿಸಿದ್ದರೆ ಕಲೆ ಮುಚ್ಚುತ್ತಿದ್ದಿತು, ಕೋಣೆ ಚೆಂದ ಕಾಣುತ್ತಿದ್ದಿತು, ಅವ್ವ ಅಲ್ಲಿಯೇ ಮಲಗುತ್ತಿದ್ದಳು. ನಮ್ಮ ಮನೆಯವರು ಏನೂ ಮಾತನಾಡದೆ ಹೋಗಿ ಗೌಂಡಿಗೆ ಚಹಾ ತಂದುಕೊಟ್ಟರು.

ಮೆದುವಾದ ಭಾಗವನ್ನು ಒಮ್ಮೆಗೆ ಒಂದು ಮೊಳದಷ್ಟು ಮಾತ್ರ ತೆಗೆದು, ಅಲ್ಲಿ ಕಲ್ಲನ್ನೂ ಇಟ್ಟಂಗಿಯನ್ನೂ ಸುಣ್ಣದಲ್ಲಿ ಕೂರಿಸಿ, ಅದು ಬಿಗಿದ ಮೇಲೆ ಮುಂದಿನ ಮೊಳಕ್ಕೆ ಹೋದನು. ಹೊರಗೆ ಕಾಂಕ್ರೀಟನ್ನು ಒಡೆದು, ಮಣ್ಣನ್ನು ಒಳನೆಲಕ್ಕಿಂತ ಕೆಳಗಿನವರೆಗೆ ತೋಡಿ, ಗೋಡೆಯಿಂದ ದೂರಕ್ಕೆ ಇಳಿಜಾರು ಮಾಡಿಸಿದನು. ಕೊಳವೆ ಹೊಸದಾಯಿತು, ಇಡಿಯ ಕೆಲಸದಲ್ಲಿ ಅತಿ ಅಗ್ಗದ ಬಾಬು ಅದೇ. ಗೋಡೆಯ ಉಪ್ಪನ್ನು ನೀರಿನಿಂದ ತೊಳೆಯಲು ಹೋದ ನನ್ನನ್ನು ತಡೆದನು: ತೊಳೆದರೆ ಉಪ್ಪು ಕರಗಿ ಮರಳಿ ಗೋಡೆಯೊಳಕ್ಕೇ ಹೋಗುತ್ತದೆ, ಒಣ ಕುಂಚದಿಂದ ಉದುರಿಸಿ ಹೊರಗೆ ಚೆಲ್ಲಬೇಕು.

"ಇನ್ನು ಗಿಲಾವು ಯಾವಾಗ?" ಎಂದು ಕೇಳಿದೆ.

"ಯುಗಾದಿ ಆಗ್ಲಿ ತಡೀರಿ."

ಒದ್ದೆಯಾದ ಗೋಡೆ ಒಂದು ಅಂಗುಲ ಒಣಗಲು ಒಂದು ತಿಂಗಳು ಎಂಬುದು ಕಟ್ಟಡದವರ ಹಳೆಯ ಲೆಕ್ಕ. ಹದಿನೆಂಟು ಅಂಗುಲಕ್ಕೆ ಹದಿನೆಂಟು ತಿಂಗಳು! ಪೂರಾ ಒಣಗಬೇಕಾಗಿಲ್ಲ, ಸುಣ್ಣ ಅಷ್ಟಿಷ್ಟು ಹಸಿಯನ್ನು ತಾಳಿಕೊಳ್ಳುತ್ತದೆ, ಎರಡೂ ಕಡೆ ಬಿಚ್ಚಿ ಬಿಟ್ಟರೆ ಚಳಿಗಾಲದ ಒಣಗಾಳಿ ಅರ್ಧ ಕೆಲಸ ಮಾಡುತ್ತದೆ ಎಂದು ಗೌಂಡಿ ಸಮಾಧಾನ ಹೇಳಿದನು. ಆದರೂ ಐದು ತಿಂಗಳು. ಎಂಬತ್ತು ದಾಟಿದವರ ಮುಂದೆ ಐದು ತಿಂಗಳಿನ ಮಾತನ್ನು ಹೇಗೆ ಆಡುವುದು? ನಾನು ತಡವರಿಸುತ್ತಿದ್ದಾಗ ಪಡಸಾಲೆಯಲ್ಲಿ ಹಾಸಿದ ಮಂಚದ ಮೇಲಿಂದ ಅವ್ವನೇ ಹೇಳಿದಳು: "ಗ್ವಾಡಿಗೆ ಪುರಸೊತ್ತು ಐತಿ ಅಂದ್ರ ನನಗೂ ಐತಿ, ತಮ್ಮಾ. ನೀ ಅವಸರಾ ಮಾಡಬ್ಯಾಡ."

ಅವಸರ ಮಾಡಿದವನು ಅಣ್ಣ. ಪ್ರತಿ ಆದಿತ್ಯವಾರವೂ ಫೋನು. ಆದರೆ ಆ ಬೇಸಿಗೆಯಲ್ಲಿ ಅವನ ಮನೆಯದೇ ಒಂದು ಕಥೆ ಹೊರಬಿದ್ದಿತು. ಅವನದು ಹುಬ್ಬಳ್ಳಿಯ ಹೊಸ ಬಡಾವಣೆಯಲ್ಲಿ, ಎರೆ ಭೂಮಿಯ ಮೇಲೆ ಕಟ್ಟಿದ ಮನೆ. ಧಾರವಾಡದಿಂದ ಹುಬ್ಬಳ್ಳಿಗೆ ಇಳಿದಂತೆ ಕೆಮ್ಮಣ್ಣು ಹಿಂದಾಗಿ ಕರಿಮಣ್ಣು ಮುಂದಾಗುವುದನ್ನು ಬಸ್ಸಿನ ಕಿಟಕಿಯಿಂದಲೇ ನೋಡಬಹುದು. ಎರೆಮಣ್ಣು ಹತ್ತಿಗೆ ತಾಯಿ, ಮನೆಗೆ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಬುನಾದಿ ಆಳವಿಲ್ಲದ ಮನೆ ಅದರ ಜೊತೆಗೆ ಏಳುತ್ತದೆ, ಇಳಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಅಣ್ಣ ಪ್ರತಿ ವರ್ಷ ಆ ಬಿರುಕಿಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆಸುತ್ತಿದ್ದನು. ಪ್ರತಿ ವರ್ಷ ಅದು ಮರಳಿ ಬರುತ್ತಿದ್ದಿತು. ಅದನ್ನು ಅವನು ಹತ್ತು ವರ್ಷ ನನಗೆ ಹೇಳಿರಲಿಲ್ಲ. ಗೌಂಡಿ ಅದಕ್ಕೊಂದು ಉಪಾಯ ಹೇಳಿಕೊಟ್ಟನು. ಬಿರುಕಿನ ಅಡ್ಡಕ್ಕೆ ಒಂದು ತೆಳುವಾದ ಕಾಗದದ ಪಟ್ಟಿಯನ್ನು ಅಂಟಿಸಿ ಅದರ ಮೇಲೆ ತಾರೀಖು ಬರೆದಿಡುವುದು. ಕಾಗದ ಹರಿಯದೆ ನಿಂತರೆ ಬಿರುಕು ಹಳೆಯದು, ತುಂಬಿ ಮುಚ್ಚಬಹುದು. ಹರಿದರೆ ಗೋಡೆ ಇನ್ನೂ ನಡೆಯುತ್ತಿದೆ. ಆಗ ಬಣ್ಣದವನನ್ನಲ್ಲ, ಎಂಜಿನಿಯರನನ್ನು ಕರೆಯಬೇಕು. ಅಣ್ಣನ ಕಾಗದ ಏಪ್ರಿಲಿನಲ್ಲಿ ಹರಿಯಿತು.

ಈ ನಡುವೆ ಬಾಗಿಲು ಕಿಟಕಿಗಳ ಸರದಿ. ನಾಲ್ಕು ತಲೆಮಾರಿನ ಎಣ್ಣೆಬಣ್ಣ ಪದರಪದರವಾಗಿ ಕೂತಿದ್ದಿತು. ಮಗಳು ಎರಡು ವರ್ಷದ ಕೂಸಿನೊಡನೆ ತವರಿಗೆ ಬಂದಿದ್ದಳು. ನಾನು ಉಪ್ಪುಕಾಗದ ತೆಗೆದುಕೊಂಡು ಉಜ್ಜಲು ಆರಂಭಿಸಿದೆ. ಮಗಳು ಓಡಿಬಂದು ಕಸಿದುಕೊಂಡಳು. ಅವಳು ಮಾಡಿದುದು ಸರಿ. ಹಳೆಯ ಎಣ್ಣೆಬಣ್ಣಗಳಲ್ಲಿ ಸೀಸವಿರುತ್ತದೆ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚಿರಕೂಡದೆಂದು ಕೇಂದ್ರ ಸರಕಾರ ನಿಯಮ ಮಾಡಿದುದು 2016ರಲ್ಲಿ. ಅದು ಜಾರಿಗೆ ಬಂದುದು 2017ರ ನವೆಂಬರ 1ರಿಂದ. ಅದಕ್ಕಿಂತ ಹಿಂದಿನ ಬಣ್ಣದ ಧೂಳನ್ನು ನಂಬುವಂತಿಲ್ಲ. ನೆಲದ ಮೇಲೆ ಅಂಬೆಗಾಲಿಡುವ, ಕೈಯನ್ನು ಬಾಯಿಗಿಡುವ ಕೂಸುಗಳ ಮೆದುಳಿಗೆ ಅದು ಮಾಡುವ ಕೇಡು ಮರಳಿ ಸರಿಹೋಗುವುದಿಲ್ಲ. ಆದುದರಿಂದ ಕೂಸನ್ನೂ ಬಸುರಿಯರನ್ನೂ ಮನೆಯಿಂದ ಹೊರಗಿಟ್ಟು, ಬಾಗಿಲನ್ನು ನೀರಿನಿಂದ ತೊಯ್ಯಿಸಿ ಉಜ್ಜಬೇಕು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಬೇಕು. ಒಣ ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಬೆಂಕಿಯ ಜ್ವಾಲೆ ಹಿಡಿದು ಬಣ್ಣ ಸುಡುವ ಪದ್ಧತಿಯನ್ನಂತೂ ಬಿಡಲೇಬೇಕು. ಗಟ್ಟಿಯಾಗಿ ಕೂತ ಬಣ್ಣವನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಹಚ್ಚುವುದು ಎಲ್ಲಕ್ಕಿಂತ ಕ್ಷೇಮ.

ಯುಗಾದಿ ಬಂದಿತು. ಬಾಗಲಕೋಟೆ, ಲೋಕಾಪುರಗಳ ಕಡೆ ಸುಣ್ಣದ ಕಲ್ಲಿಗೆ ಕೊರತೆಯಿಲ್ಲ. ಆದರೆ ಹದವಾಗಿ ಸುಟ್ಟ ಹರಳು ಸುಣ್ಣವನ್ನು ಹುಡುಕಲು ಗೌಂಡಿಗೆ ಹದಿನೈದು ದಿನ ಹಿಡಿಯಿತು. ಸುಣ್ಣದ ಕಥೆ ಸೋಜಿಗದ್ದು. ಕಲ್ಲನ್ನು ಸುಮಾರು ಒಂಬತ್ತು ನೂರು ಡಿಗ್ರಿ ಶಾಖದಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲಾಮ್ಲ ಹಾರಿಹೋಗುತ್ತದೆ. ಉಳಿದ ಹರಳಿಗೆ ನೀರು ಹಾಕಿದರೆ ಕೊತಕೊತ ಕುದಿದು ಬೆಣ್ಣೆಯಾಗುತ್ತದೆ. ಆ ಬೆಣ್ಣೆಯನ್ನು ಗೋಡೆಗೆ ಹಚ್ಚಿದ ಮೇಲೆ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಮೆಲ್ಲಮೆಲ್ಲನೆ ಹೀರಿ ಅದು ಮತ್ತೆ ಕಲ್ಲಾಗುತ್ತದೆ. ಹೊರಟಲ್ಲಿಗೇ ಬಂದು ಸೇರುವುದು ಅದರ ಸ್ವಭಾವ. ಸುಣ್ಣವನ್ನು ನೀರಿನಡಿಯಲ್ಲಿ ಎಷ್ಟು ದಿನ ಕೊಳೆಯಿಟ್ಟರೆ ಅಷ್ಟು ಒಳ್ಳೆಯದು. ಮೂರು ವರ್ಷಕ್ಕಿಂತ ಕಡಿಮೆ ಹಳೆಯ ಸುಣ್ಣವನ್ನು ಗುತ್ತಿಗೆದಾರರು ಬಳಸಕೂಡದೆಂದು ಪ್ರಾಚೀನ ಕಾನೂನಿದ್ದಿತೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಗುತ್ತಿಗೆದಾರರ ಮೇಲಿನ ಸಂಶಯ ಎರಡು ಸಾವಿರ ವರ್ಷ ಹಳೆಯದೆಂದು ತಿಳಿದು ನನಗೆ ಸಮಾಧಾನವಾಯಿತು. ನಮ್ಮ ಸುಣ್ಣ ಕೊಳೆತುದು ಇಪ್ಪತ್ತೊಂದು ದಿನ. ಹರಳು ಕುದಿಯುವಾಗ ಮಕ್ಕಳನ್ನು ಹತ್ತಿರ ಸೇರಿಸಬಾರದು. ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋದೀತು. ಗೌಂಡಿ ನನ್ನ ಸ್ಕೂಟರಿನ ಹೆಲ್ಮೆಟ್ಟನ್ನು ಗಾಜು ಇಳಿಸಿ ತೊಟ್ಟುಕೊಂಡು ಸುಣ್ಣ ಕದಡಿದನು. ಓಣಿಯ ಹುಡುಗರಿಗೆ ಅದೊಂದು ಹಬ್ಬ.

ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಉಸುಕು. ಅದಕ್ಕೆ ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರು. ಹಿಂದೆ ಇದನ್ನು ಎತ್ತು ಕಟ್ಟಿದ ಗಾಣದಲ್ಲಿ ಅರೆಯುತ್ತಿದ್ದರು. ನಮ್ಮಲ್ಲಿ ಇಬ್ಬರು ಆಳುಗಳು ಸಲಿಕೆಯಿಂದ ಕುಟ್ಟಿದರು. ಎರಡು ಪದರ ಗಿಲಾವು. ಆಮೇಲೆ ಅದು ಬಿರಿಯದಂತೆ ಹಲವು ದಿನ ನೀರು ಚಿಮುಕಿಸಿ ತೇವವಾಗಿಡಬೇಕು. ಐದು ತಿಂಗಳು ಒಣಗಿಸಿದ ಗೋಡೆಗೆ ಈಗ ನಾವೇ ನೀರು ಹಾಕುವ ವಿಚಿತ್ರವನ್ನು ನೋಡಿ ನಮ್ಮ ಮನೆಯವರು ಹಣೆ ಹಣೆ ಬಡಿದುಕೊಂಡರು. ಅದರಲ್ಲಿಯೂ ಬೇಸಿಗೆ. ಮಲಪ್ರಭೆಯ ನೀರು 2008ರಿಂದ ಅವಳಿ ನಗರದ ಕೆಲವು ವಾರ್ಡುಗಳಿಗೆ ಹಗಲಿರುಳೂ ಬರತೊಡಗಿತೆಂಬುದೇನೋ ನಿಜ; ನಮ್ಮ ಓಣಿಯ ನಲ್ಲಿಗೆ ಆ ಸುದ್ದಿ ತಲುಪಿರಲಿಲ್ಲ. ಕಾಯಿಪಲ್ಲೆ ತೊಳೆದ ನೀರೂ ಅವ್ವನ ಗೋಡೆಗೆ ಹೋಯಿತು.

ಕೊನೆಗೆ ಬಣ್ಣ. ಅಂಗಡಿಯವರು ಕೊಟ್ಟ ಬಣ್ಣಗಳ ಪಟ್ಟಿಯನ್ನು ಮಗಳು ಅವ್ವನ ಮುಂದೆ ಹಿಡಿದಳು. ಬಾದಾಮಿ, ಗುಲಾಬಿ, ಕಡಲನೀಲಿ, ಏನೇನೋ. ಅವ್ವ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ತಾಳ್ಮೆಯಿಂದ ನೋಡಿ, "ಸುಣ್ಣದಾಗ ಒಂದೀಟು ನೀಲಿ ಹಾಕ್ರಿ, ಕೆಳಗ ಒಂದು ಗೇಣು ಕೆಮ್ಮಣ್ಣು ಎಳೀರಿ" ಎಂದಳು. ಹಾಲಿನಷ್ಟು ತೆಳ್ಳಗಿನ ಸುಣ್ಣ, ಮೂರು ಕೈ. ಹಚ್ಚುವಾಗ ಏನೂ ಕಾಣುವುದಿಲ್ಲ, ಬರಿಯ ಒದ್ದೆ ಗೋಡೆ. ನಾನು ಕೂಲಿ ದಂಡವಾಯಿತೆಂದು ತಿಳಿದು ಮಲಗಿದೆ. ಮುಂಜಾನೆ ಬಾಗಿಲು ತೆರೆದರೆ ಕೋಣೆಯ ತುಂಬ ಬೆಳಕು. ಸುಣ್ಣದ ಕ್ಷಾರಕ್ಕೆ ಬೂಷ್ಟು ಬೆಳೆಯುವುದಿಲ್ಲ. ವೈದ್ಯರು ಕೇಳಿದ್ದ ಔಷಧವೂ ಅದೇ ಆಗಿದ್ದಿತು.

ಕಾರಹುಣ್ಣಿಮೆಯ ಮರುದಿನ ಅವ್ವ ತನ್ನ ಕೋಣೆಗೆ ಮರಳಿದಳು. ವಿಭೂತಿ, ಕನ್ನಡಕ, ಅಡಕೊತ್ತು, ಗಡಿಯಾರ ತಮ್ಮ ತಮ್ಮ ಜಾಗಕ್ಕೆ ಹೋದವು. ಅವಳು ಗೋಡೆಯನ್ನು ಅಂಗೈಯಿಂದ ಸವರಿ ನೋಡಿ, ಕೈಗೆ ಹತ್ತಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು. ಹೌದು, ಸುಣ್ಣ ಮೈಗೆ ಹತ್ತುತ್ತದೆ. ನಮ್ಮ ಮನೆಯವರ ದೂರು ಈಗ ಅದೊಂದೇ.

ಈ ಶ್ರಾವಣದಲ್ಲಿ ಒಂದು ವಾರ ಬಿಡದೆ ಮಳೆ ಹಿಡಿದಾಗ ಮೂಲೆಯಲ್ಲಿ ಅಂಗೈಯಗಲದ ಒಂದು ಕಲೆ ಮೂಡಿತು. ನನ್ನ ಎದೆ ಧಸಕ್ಕೆಂದಿತು. ಗೌಂಡಿಗೆ ಫೋನು ಮಾಡಿದರೆ, "ಇಷ್ಟು ವರ್ಷದ ಹಸಿರೀ, ಒಂದೆರಡು ಮಳಿಗಾಲ ಬೇಕು. ಸುತ್ತ ಪೆನ್ಸಿಲ್ಲಿಲೆ ಗೆರಿ ಎಳದು ತಾರೀಖು ಬರೀರಿ" ಎಂದನು. ಗೆರೆಯನ್ನು ಅವ್ವನೇ ಎಳೆದಳು. ಎಂಟು ದಿನ ಬಿಸಿಲು ಬಿದ್ದ ಮೇಲೆ ಕಲೆ ಗೆರೆಯಿಂದ ಎರಡು ಬೆರಳು ಒಳಗೆ ಸರಿದಿದ್ದಿತು. ಕೆಮ್ಮು ಈವರೆಗೆ ಬಂದಿಲ್ಲ. ಮೊನ್ನೆ ಆದಿತ್ಯವಾರ ಅಣ್ಣ ಬಂದಿದ್ದನು. ಗೋಡೆಯನ್ನು ತಟ್ಟಿ ನೋಡಿದನು, ಏನೂ ಹೇಳಲಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟುತ್ತ, ಆ ಗೌಂಡಿಯ ನಂಬರು ಕೊಡು ಎಂದನು.